ತಂಗಿಯ ಮದುವೆ, ಲ್ಯಾಬಿನ ಗೆರೆ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಸಲಹೆ ಕೇಳಲು ನನ್ನ ಹತ್ತಿರ ಬಂದವರು ಒಂದು ಖಾಸಗಿ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ಕೂತ ಮೇಲೂ ಬ್ಯಾಗನ್ನು ಮಡಿಲಿನಿಂದ ಇಳಿಸಲಿಲ್ಲ. ಅದರಲ್ಲಿ ಮೂಲೆಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟಿತ್ತು. ಚಿಕ್ಕಪ್ಪನ ಮಗಳ ಮದುವೆಗೆ ಐದೇ ವಾರ.

ಹಿಂದಿನ ದಿನ ಹರ್ನಿಯಾ ಆಪರೇಷನ್ನಿಗೆ ಬಂದವರೊಬ್ಬರ ರಕ್ತ ಪರೀಕ್ಷೆಗೆ ಬಂದಿತ್ತು. ಎಚ್‌ಐವಿ ಪರೀಕ್ಷೆಯ ಕಾರ್ಡಿನ ಮೇಲೆ ಎರಡು ಗೆರೆ ಮೂಡಿದವು, ಅಂದರೆ ಸೋಂಕು ಇರಬಹುದು. ಎರಡನೆಯದು ಮಸುಕು, ಆದರೆ ಇತ್ತು. ಟ್ಯೂಬಿನ ಮೇಲಿನ ಹೆಸರು ನೋಡಿದರೆ ಮದುವೆ ಹುಡುಗನದು.

"ಹೇಳಿದ್ರೆ ಕೆಲಸಕ್ಕೆ ದ್ರೋಹ, ಹೇಳದಿದ್ರೆ ತಂಗಿಗೆ ದ್ರೋಹ. ಏನ್ ಮಾಡ್ಲಿ ಮೇಡಂ?"

ಇದು ಬೇರೆ ಯಾರಿಗೆ ಗೊತ್ತು ಅಂತ ಕೇಳಿದೆ. ಹೆಂಡತಿಗೂ ಹೇಳಿರಲಿಲ್ಲ. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ.

"ಒಂದೇ ಕಾರ್ಡ್ ಅಲ್ವಾ ಹಾಕಿದ್ದು?" ಅಂದೆ. ತಲೆಯಾಡಿಸಿದರು. ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡಿದ ಮೇಲಷ್ಟೇ ಪಾಸಿಟಿವ್ ಅಂತ ಬರೆಯುತ್ತಾರೆ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗಾಬರಿಯಲ್ಲಿ ಮರೆತಿದ್ದರು. ಪರೀಕ್ಷೆಗೆ ಹುಡುಗನ ಒಪ್ಪಿಗೆ ಕೇಳಿದ್ದರಾ ಅಂದರೆ, "ಅಡ್ಮಿಷನ್ ಫಾರಂಗೆ ಸಹಿ ಹಾಕಿರ್ತಾರಲ್ಲ" ಅಂದರು. ಈ ಉತ್ತರ ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ಎಚ್‌ಐವಿ ಪರೀಕ್ಷೆ ಅಂತ ತಿಳಿಸಿಯೇ ಒಪ್ಪಿಗೆ ಪಡೆಯಬೇಕು.

1998ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಅವರು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು. ಆಸ್ಪತ್ರೆಯಿಂದ ವಿಷಯ ಹೊರಬಿದ್ದು ಒಬ್ಬರ ಮದುವೆ ನಿಂತುಹೋದ ಪ್ರಕರಣ ಅದು. ಆಸ್ಪತ್ರೆಯದು ತಪ್ಪಲ್ಲ ಅಂತ ಆಗ ಕೋರ್ಟ್ ಹೇಳಿತ್ತು. ಆದರೆ ಆಮೇಲೆ 2017ರ ಎಚ್‌ಐವಿ ಕಾಯ್ದೆ ಬಂತು, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸಂಗಾತಿಗೆ ತಿಳಿಸಲು ಅದರಲ್ಲಿ ಒಂದು ದಾರಿ ಇದೆ, ಅದೂ ಡಾಕ್ಟರ್ ಅಥವಾ ಆಪ್ತಸಲಹೆಗಾರರಿಗೆ ಮಾತ್ರ. ನೀವೇ ಹೇಳಿ ಅಂತ ಮೊದಲು ಆ ವ್ಯಕ್ತಿಗೆ ಸಲಹೆ ಕೊಟ್ಟಿರಬೇಕು. ಅವರು ಹೇಳುವುದಿಲ್ಲ ಅಂತ ಖಾತ್ರಿಯಾಗಬೇಕು. ನಾವು ಹೇಳುತ್ತೇವೆ ಅಂತ ಅವರಿಗೆ ತಿಳಿಸಿರಬೇಕು. ಲ್ಯಾಬಿನವರು ಈ ದಾರಿಯಲ್ಲಿ ಎಲ್ಲೂ ಇಲ್ಲ.

"ಹಾಗಾದ್ರೆ ಇಬ್ಬರೂ ಬ್ಲಡ್ ಟೆಸ್ಟ್ ಮಾಡಿಸ್ಲಿ ಅಂತ ಚಿಕ್ಕಪ್ಪಂಗೆ ಸುಮ್ನೆ ಹೇಳ್ಲಾ?"

ಇದಕ್ಕೆ ಉತ್ತರ ಕೊಡೋದು ನನಗೂ ಕಷ್ಟವಾಯಿತು. ಮದುವೆಗೆ ಮುಂಚೆ ಇಬ್ಬರೂ ಪರೀಕ್ಷೆ ಮಾಡಿಸುವುದು ಒಳ್ಳೆಯದೇ. ಆದರೆ ಇವರು ಲ್ಯಾಬಿನವರು, ಹುಡುಗ ಇವರ ಆಸ್ಪತ್ರೆಗೇ ಬಂದು ಹೋಗಿದ್ದಾನೆ. ಇವರ ಬಾಯಿಂದ ಈಗ ಆ ಮಾತು ಬಂದರೆ ಚಿಕ್ಕಪ್ಪನಿಗೆ ಮಿಕ್ಕಿದ್ದು ಅರ್ಥವಾಗದೇ ಇರುತ್ತದಾ? ಬೇಡ ಅಂದೆ.

ನಾನು ಹೇಳಿದ್ದು ಇಷ್ಟು. ನಾಳೆ ಬೆಳಿಗ್ಗೆಯೇ ಪೆಥಾಲಜಿಸ್ಟ್ ಹತ್ತಿರ ಹೋಗಿ, ಈ ರೋಗಿ ನನ್ನ ನೆಂಟರ ಕಡೆಯವರು, ಈ ಸ್ಯಾಂಪಲ್ ಬೇರೆಯವರು ನೋಡಲಿ ಅಂತ ಹೇಳಿ. ಹುಡುಗನನ್ನು ಕರೆಸಿ, ಒಬ್ಬನನ್ನೇ ಕೂರಿಸಿ ಮಾತಾಡಿ ಐಸಿಟಿಸಿಗೆ ಕಳಿಸುವಂತೆ ಸರ್ಜನ್‌ಗೆ ಕೇಳಿಕೊಳ್ಳಿ. ಮದುವೆ ವಿಷಯ ಅಲ್ಲಿನ ಸಲಹೆಗಾರರು ಕೇಳಿಯೇ ಕೇಳುತ್ತಾರೆ. ಪಾಸಿಟಿವ್ ಬಂದರೂ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಉಚಿತ. ತಪ್ಪದೆ ತೆಗೆದುಕೊಂಡು ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಆದರೂ ತಾಳಿಗೆ ಮುಂಚೆ ಆ ಹುಡುಗಿಗೆ ಗೊತ್ತಾಗಬೇಕು, ಅವನ ಬಾಯಿಂದಲೇ. ಅದಕ್ಕೆ ಐದು ವಾರ ಸಾಕಾಗುವ ಸಮಯ.

"ಅವನು ಹೇಳದೇ ಹೋದ್ರೆ?" ಅಂದರು. ಆಗ ಡಾಕ್ಟರ್ ಮತ್ತು ಆ ಸಲಹೆಗಾರರು ಮುಂದಿನದನ್ನು ನೋಡಬೇಕು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನನಗೂ ಆ ರಾತ್ರಿ ಆ ಹುಡುಗಿಯದೇ ಯೋಚನೆ.

ಹತ್ತು ದಿನದ ಮೇಲೆ ಫೋನ್ ಮಾಡಿದರು. ಸರ್ಜನ್ ಹುಡುಗನನ್ನು ಐಸಿಟಿಸಿಗೆ ಕಳಿಸಿದ್ದರು. ಫಲಿತಾಂಶ ಇವರಿಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. "ಮನೆಯಲ್ಲಿ ಚಪ್ಪರದ ಮಾತು ಬಂದ್ರೆ ಎದ್ದು ಹೋಗ್ತೀನಿ ಮೇಡಂ." ಎದ್ದು ಹೋಗೋದನ್ನೂ ಮನೆಯವರು ಗಮನಿಸ್ತಾರೆ, ಭಾರ ಅನ್ನಿಸಿದಾಗ ಇಲ್ಲಿಗೆ ಬನ್ನಿ ಅಂದೆ. ಬುಧವಾರ ಬರುತ್ತಾರೆ.