ಪರದೆಯಲ್ಲಿ ಹಿಡಿಯದ ಫೈರ್‌ಫಾಕ್ಸ್

ಪ್ರಶ್ನೆ: 2 ಜಿಬಿ ರ್‍ಯಾಮ್‌ನ ಪೈನ್‌ಫೋನ್‌ಗೆ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಲಿನಕ್ಸ್ ವ್ಯವಸ್ಥೆ, ಅದರ ಮೇಲೆ ಫಾಶ್ ಎಂಬ ಮೊಬೈಲ್ ಇಂಟರ್‌ಫೇಸ್ ಹಾಕಿಕೊಂಡಿದ್ದೇನೆ. ಆ್ಯಪ್‌ಗಳನ್ನು ಪ್ರತ್ಯೇಕ ಗೂಡಿನಲ್ಲಿಟ್ಟು ಓಡಿಸುವ ಫ್ಲಾಟ್‌ಪ್ಯಾಕ್‌ನಿಂದ ಇಳಿಸಿದ ಫೈರ್‌ಫಾಕ್ಸ್‌ನ ಬಲಭಾಗ ಪರದೆಯಾಚೆ ಹೋಗಿ ಮೆನು ಬಟನ್ನೇ ಸಿಗುವುದಿಲ್ಲ. ನಾಲ್ಕನೇ ಟ್ಯಾಬ್ ತೆರೆದರೆ ಬ್ರೌಸರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಸ್ಕ್ರೋಲ್ ಕೂಡ ಎಳೆದಾಡುತ್ತದೆ. ಏನು ಮಾಡಲಿ?

ಉತ್ತರ: ಮೊದಲೆರಡಕ್ಕೆ ಮದ್ದಿದೆ. ಮೂರನೆಯದಕ್ಕೆ ಇರುವುದು ಅರೆಬರೆ ಉಪಾಯ.

ನಿಮ್ಮ ಪರದೆ 720×1440 ಪಿಕ್ಸೆಲ್. ಫಾಶ್ ಅದನ್ನು ಎರಡು ಪಟ್ಟು ಹಿಗ್ಗಿಸಿ ತೋರಿಸುವುದರಿಂದ ಬ್ರೌಸರ್‌ಗೆ ಸಿಗುವ ಅಗಲ 360 ಮಾತ್ರ. ಡೆಸ್ಕ್‌ಟಾಪ್ ಫೈರ್‌ಫಾಕ್ಸ್ ಅಷ್ಟು ಕಿರಿದಾಗಲು ಒಪ್ಪುವುದಿಲ್ಲ. ಇದನ್ನು ಸರಿಪಡಿಸಲೆಂದೇ ಮೊಬೈಲ್-ಕಾನ್ಫಿಗ್-ಫೈರ್‌ಫಾಕ್ಸ್ ಎಂಬ ಪ್ಯಾಕೇಜ್ ಇದೆ. ಆದರೆ ಅದರ ಫೈಲುಗಳು ಫೋನಿನ ಸಿಸ್ಟಮ್ ಫೋಲ್ಡರುಗಳಲ್ಲಿ ಕೂರುತ್ತವೆ, ಫ್ಲಾಟ್‌ಪ್ಯಾಕ್ ಫೈರ್‌ಫಾಕ್ಸ್ ತನ್ನ ಗೂಡಿನಿಂದಾಚೆ ಇಣುಕುವುದಿಲ್ಲ. ಆದ್ದರಿಂದ ಫ್ಲಾಟ್‌ಪ್ಯಾಕ್ ಫೈರ್‌ಫಾಕ್ಸನ್ನು ತೆಗೆದು, ಎಪಿಕೆ (ಪೋಸ್ಟ್‌ಮಾರ್ಕೆಟ್‌ಓಎಸ್‌ನದೇ ಪ್ಯಾಕೇಜ್ ಸಾಧನ) ಮೂಲಕ ಫೈರ್‌ಫಾಕ್ಸ್-ಇಎಸ್‌ಆರ್ ಮತ್ತು ಈ ಪ್ಯಾಕೇಜ್ ಎರಡನ್ನೂ ಹಾಕಿ. ತೆಗೆಯುವ ಮುನ್ನ ಬುಕ್‌ಮಾರ್ಕ್ ಉಳಿಸಿಕೊಳ್ಳಿ. ಅದಕ್ಕಾಗಿ ಫೋನನ್ನು ಅಡ್ಡ ತಿರುಗಿಸಿದರೆ ಮೆನು ಕೈಗೆ ಸಿಗುತ್ತದೆ. ಆಮೇಲೂ ಯಾವುದಾದರೂ ತಾಣ ಪರದೆಯಲ್ಲಿ ಹಿಡಿಯದಿದ್ದರೆ, ಪರದೆಯ ಹಿಗ್ಗುವಿಕೆ ಬದಲಿಸುವ ಆಜ್ಞೆಯಾದ ಡಬ್ಲ್ಯುಎಲ್‌ಆರ್-ರ್‍ಯಾಂಡರ್‌ನಿಂದ ಸ್ಕೇಲ್ 1.5 ಮಾಡಿ, ಅಗಲ 480 ಆಗುತ್ತದೆ. ಅಕ್ಷರ ಸಣ್ಣದಾಗುತ್ತದೆ, ಅಷ್ಟೇ.

ತಾನಾಗಿ ಮುಚ್ಚಿಕೊಳ್ಳುವುದು ಬಹುಪಾಲು ಮೆಮೊರಿ ಸಾಲದೆ. ಟರ್ಮಿನಲ್‌ನಲ್ಲಿ ‘cat /proc/swaps’ ಎಂದು ಕೊಟ್ಟು, ಮೆಮೊರಿಯಲ್ಲೇ ದತ್ತಾಂಶವನ್ನು ಕುಗ್ಗಿಸಿಡುವ ಝಡ್‌ರ್‍ಯಾಮ್ ಇದೆಯೇ ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ಆನ್ ಮಾಡಿ. ವಿಳಾಸದ ಜಾಗದಲ್ಲಿ ಅಬೌಟ್:ಪ್ರೋಸೆಸಸ್ ಬರೆದು ತೆರೆದರೆ ಯಾವ ಟ್ಯಾಬ್ ಎಷ್ಟು ನುಂಗುತ್ತಿದೆ ಎಂಬುದು ಕಾಣುತ್ತದೆ. ಬಳಸದ ಟ್ಯಾಬ್‌ಗಳನ್ನು ಅಬೌಟ್:ಅನ್‌ಲೋಡ್ಸ್‌ನಿಂದ ಮೆಮೊರಿಯಿಂದ ಇಳಿಸಬಹುದು. ಟ್ಯಾಬ್ ಹಾಗೇ ಉಳಿಯುತ್ತದೆ, ಮುಟ್ಟಿದಾಗ ಮತ್ತೆ ಲೋಡ್ ಆಗುತ್ತದೆ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ತಾನೂ ಸ್ವಲ್ಪ ಮೆಮೊರಿ ತಿಂದರೂ ಒಟ್ಟಿನಲ್ಲಿ ಲಾಭವೇ.

ಇನ್ನು ಸ್ಕ್ರೋಲ್. ಅಬೌಟ್:ಸಪೋರ್ಟ್‌ನ ಗ್ರಾಫಿಕ್ಸ್ ಭಾಗದಲ್ಲಿ ಎರಡು ಸಾಲು ನೋಡಿ. ವಿಂಡೋ ಪ್ರೋಟೋಕಾಲ್ (ಬ್ರೌಸರ್ ತನ್ನ ಕಿಟಕಿಯನ್ನು ಪರದೆಗೆ ತರುವ ವಿಧಾನ) ಎದುರು ‘ವೇಲ್ಯಾಂಡ್’ ಇರಬೇಕು. ‘ಎಕ್ಸ್‌ವೇಲ್ಯಾಂಡ್’ (ಹಳೆಯ ವಿಧಾನ) ಎಂದಿದ್ದರೆ ಬೆರಳೆಳೆದಾಗ ಪುಟ ಸರಿಯುವ ಬದಲು ಅಕ್ಷರಗಳು ಸೆಲೆಕ್ಟ್ ಆಗಬಹುದು. ಆವೃತ್ತಿ 121ರಿಂದ ವೇಲ್ಯಾಂಡ್ ತಾನಾಗಿ ಬರುತ್ತದೆ, ಹಳೆಯದಾದರೆ ಅಪ್‌ಡೇಟ್ ಮಾಡಿ. ಇನ್ನೊಂದು ಸಾಲು ಕಂಪೋಸಿಟಿಂಗ್. ಅಲ್ಲಿ ‘ವೆಬ್‌ರೆಂಡರ್ (ಸಾಫ್ಟ್‌ವೇರ್)’ ಎಂದು ಕಂಡರೆ ಗಾಬರಿ ಬೇಡ, ಬದಲಿಸಲೂ ಹೋಗಬೇಡಿ. ಪುಟ ಬಿಡಿಸುವ ಭಾಗವಾದ ವೆಬ್‌ರೆಂಡರ್‌ಗೆ ಗ್ರಾಫಿಕ್ಸ್ ಚಿಪ್ ಬಳಸಲು ಓಪನ್‌ಜಿಎಲ್ ಇಎಸ್ ಎಂಬ ಗ್ರಾಫಿಕ್ಸ್ ಮಾನದಂಡದ 3.0 ಬೇಕು, ಪೈನ್‌ಫೋನ್‌ನ ಮಾಲಿ-400 ಗ್ರಾಫಿಕ್ಸ್ ಚಿಪ್ ನಿಲ್ಲುವುದು 2.0ಕ್ಕೆ. ಹಾಗಾಗಿ ಪುಟ ಬಿಡಿಸುವ ಕೆಲಸವೆಲ್ಲ ಸಿಪಿಯು ತಲೆಮೇಲೆ. ಸ್ಮೂತ್ ಸ್ಕ್ರೋಲಿಂಗ್ ಆಫ್ ಮಾಡಿದರೆ ತುಸು ಹಗುರವಾಗುತ್ತದೆ. ವಿಡಿಯೊವನ್ನು 480ಪಿ ದಾಟಿಸಬೇಡಿ.