32-ಬಿಟ್ ಪಿಸಿಗೆ ಹೊಸ ಲಿನಕ್ಸ್: ಹಾಕಬೇಕೆ, ಬಿಡಬೇಕೆ?

ಪ್ರಶ್ನೆ: ತೋಟದ ಆಫೀಸಿನಲ್ಲಿ 2008ರ ಸುಮಾರಿನ ಪಿಸಿ ಇದೆ. 32-ಬಿಟ್ ಡೆಬಿಯನ್ 12 (ಲಿನಕ್ಸಿನ ಒಂದು ಬಗೆ) ಹಾಕಿದ್ದೇವೆ. ಕಾಫಿ ತೂಗುವ ಯಂತ್ರ ಅದರ ಸೀರಿಯಲ್ ಪೋರ್ಟ್‌ಗೆ ಜೋಡಣೆಯಾಗಿದೆ. ಡೆಬಿಯನ್ 13ಕ್ಕೆ ಏರಿಸಬಹುದೆ?
– ಸುಂಟಿಕೊಪ್ಪದ ಓದುಗರು

ಈಗಿರುವ ಹಾಗೆಯೇ ಏರಿಸಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಇಂಟೆಲ್ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ, ಓಎಸ್‌ನ ತಿರುಳಾದ ಕರ್ನಲ್ಲೂ ಇಲ್ಲ. 32-ಬಿಟ್ ಪ್ಯಾಕೇಜುಗಳೇನೋ ಇವೆ, ಆದರೆ ಅವು 64-ಬಿಟ್ ಯಂತ್ರದ ಮೇಲೆ ಹಳೆ ಪ್ರೋಗ್ರಾಂ ಓಡಿಸುವುದಕ್ಕೆ ಮಾತ್ರ. ಗೊತ್ತಿಲ್ಲದೆ ಏರಿಸಿದರೆ ಮೇಲಿನ ತಂತ್ರಾಂಶವೆಲ್ಲ ಹೊಸದಾಗಿ, ಕರ್ನಲ್ ಮಾತ್ರ ಹಳೆಯದೇ ಉಳಿಯುತ್ತದೆ, ಅದಕ್ಕೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಎಸ್‌ಎಸ್‌ಇ2 ಎಂಬ ಆಜ್ಞೆಗಳ ಗುಂಪು ಇಲ್ಲದ ಅಥ್ಲಾನ್ ಎಕ್ಸ್‌ಪಿ, ಪೆಂಟಿಯಮ್ 3ರಂಥ ಹಳೆ ಪ್ರೊಸೆಸರ್‌ಗಳಲ್ಲಿ ಪ್ರೋಗ್ರಾಂಗಳು ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಹೇಳಿ ಅಲ್ಲೇ ನಿಲ್ಲುತ್ತವೆ.

ಮೊದಲು ಪ್ರೊಸೆಸರ್ ನಿಜವಾಗಿಯೂ 32-ಬಿಟ್ಟೇ ಎಂದು ನೋಡಿ. ಆ ಕಾಲದಲ್ಲಿ 1 ಜಿಬಿ ರ‍್ಯಾಮ್ ಇತ್ತೆಂದು 64-ಬಿಟ್ ಯಂತ್ರಕ್ಕೂ 32-ಬಿಟ್ ಓಎಸ್ ಹಾಕಿಕೊಟ್ಟವರು ಬಹಳ ಮಂದಿ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಆಜ್ಞೆ ಕೊಡಿ. ಆರ್ಕಿಟೆಕ್ಚರ್ ಎಂಬ ಸಾಲು ಹೇಳುವುದು ಈಗ ಓಡುತ್ತಿರುವ ಕರ್ನಲ್ ಯಾವುದೆಂದು, ಅದನ್ನು ನಂಬಬೇಡಿ. ಅದರ ಕೆಳಗೆ ‘ಸಿಪಿಯು ಆಪ್-ಮೋಡ್’ ಎಂಬ ಸಾಲಿದೆ. ಅಲ್ಲಿ 32 ಮತ್ತು 64 ಎರಡೂ ಇದ್ದರೆ ನಿಮ್ಮ ಸಮಸ್ಯೆ ಅರ್ಧ ಮುಗಿಯಿತು. ಕೋರ್ 2 ಡ್ಯುಯೊ ಎಲ್ಲವೂ 64-ಬಿಟ್. ಆಟಮ್ ಎನ್270, ‘2’ ಇಲ್ಲದ ಬರೀ ಕೋರ್ ಡ್ಯುಯೊ, ಪೆಂಟಿಯಮ್ ಎಂ – ಇವು ಅಪ್ಪಟ 32-ಬಿಟ್.

64 ಇದ್ದರೆ ಲೆಕ್ಕದ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಇದ್ದಲ್ಲೇ 32ರಿಂದ 64ಕ್ಕೆ ಬದಲಿಸುವ ದಾರಿಯೂ ಇದೆ, ಆದರೆ ನಡುವೆ ಕರೆಂಟ್ ಹೋದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. 2 ಜಿಬಿ ರ‍್ಯಾಮ್ ಇದ್ದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಆರಿಸಿಕೊಂಡರೆ ಆಫೀಸ್ ಕೆಲಸಕ್ಕೆ ಸಾಕು. ತೂಕದ ಯಂತ್ರ ಮೊದಲಿನಂತೆ ‘ಟಿಟಿವೈಎಸ್0’ ಹೆಸರಿನಲ್ಲೇ ಸಿಗುತ್ತದೆ. ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಇಲ್ಲದಿದ್ದರೆ ಅನುಮತಿ ಇಲ್ಲ ಎನ್ನುತ್ತದೆ. ತೂಕದ ಬದಲು ಚಿತ್ರವಿಚಿತ್ರ ಅಕ್ಷರ ಬಂದರೆ ತಪ್ಪು ಪೋರ್ಟಿನದಲ್ಲ, ವೇಗದ್ದು. ಯಂತ್ರದ ಮೆನುವಿನಲ್ಲಿ 9600 ಇದೆಯೋ 2400 ಇದೆಯೋ ನೋಡಿ ಅದನ್ನೇ ಪಿಸಿಯಲ್ಲೂ ಕೊಡಿ. ಇದೆಲ್ಲ ರೋಬಸ್ಟಾ ಕೊಯ್ಲು ಮುಗಿದ ಮೇಲೆ. ಲೈನ್‌ನಲ್ಲಿ ಆಳುಗಳು ಹಣ್ಣಿನ ಚೀಲ ಹಿಡಿದು ನಿಂತಿರುವಾಗ ಇನ್‌ಸ್ಟಾಲ್‌ಗೆ ಕೈಹಾಕಬೇಡಿ.

ಅಪ್ಪಟ 32-ಬಿಟ್ ಆಗಿದ್ದರೆ ಡೆಬಿಯನ್ 12ರಲ್ಲೇ ಇರಿ. ಅದರ ದೀರ್ಘಾವಧಿ ಬೆಂಬಲ 2028ರ ಜೂನ್ 30ರವರೆಗಿದೆ. ಒಂದು ಕೆಲಸ ಮಾತ್ರ ಇವತ್ತೇ ಮಾಡಿ: ಪ್ಯಾಕೇಜು ಇಳಿಸುವ ಪ್ರೋಗ್ರಾಂ ಆದ ಆಪ್ಟ್‌ನ ‘ಸೋರ್ಸಸ್ ಲಿಸ್ಟ್’ ಫೈಲ್ ತೆರೆಯಿರಿ. ಅದರಲ್ಲಿ ‘ಸ್ಟೇಬಲ್’ ಎಂದಿದ್ದರೆ ಅಳಿಸಿ ‘ಬುಕ್‌ವರ್ಮ್’ (ಡೆಬಿಯನ್ 12ರ ಹೆಸರು) ಎಂದು ಬರೆಯಿರಿ. ಸ್ಟೇಬಲ್ ಎಂದರೆ ಈಗ ಡೆಬಿಯನ್ 13. ಹಾಗೆಯೇ ಬಿಟ್ಟರೆ ಮುಂದಿನ ಅಪ್‌ಗ್ರೇಡ್ ಅಲ್ಲಿಗೆ ಎಳೆದೊಯ್ಯಬಹುದು. ಬ್ಯಾಂಕ್ ಕೆಲಸ ಈ ಯಂತ್ರದಲ್ಲಿ ಬೇಡ. ಫೈರ್‌ಫಾಕ್ಸ್ 145ರಿಂದ 32-ಬಿಟ್ ಲಿನಕ್ಸಿಗೆ ಆವೃತ್ತಿ ಇಲ್ಲ, ದೀರ್ಘ ಬೆಂಬಲದ ಇಎಸ್‌ಆರ್ 140ರ ಸಾಲೇ ಕೊನೆ. ತೂಕ ಬರೆದುಕೊಳ್ಳುವ ಕೆಲಸಕ್ಕೆ ಇಂಟರ್‌ನೆಟ್ಟೇ ಬೇಕಿಲ್ಲ, ಕೇಬಲ್ ಕಿತ್ತಿಡಿ.

ಪ್ರಶ್ನೆ: ಲಿನಕ್ಸ್ ಕರ್ನಲ್ ಇನ್ನೂ 32-ಬಿಟ್‌ನಲ್ಲಿ ಓಡುತ್ತದಲ್ಲ, ಮತ್ತೆ ಡೆಬಿಯನ್‌ನಂಥವರು ಯಾಕೆ ಕೈಬಿಡುತ್ತಾರೆ?
– ಪೊನ್ನಂಪೇಟೆಯ ವಿದ್ಯಾರ್ಥಿ

ಕರ್ನಲ್ ಸಾಕಷ್ಟು ಉದಾರಿ. 386 ಚಿಪ್ಪನ್ನು ಅದು ಬಿಟ್ಟದ್ದೇ 2013ರ 3.8ನೇ ಆವೃತ್ತಿಯಲ್ಲಿ. ತೊಡಕಿರುವುದು ಮೇಲಿನ ಸಾವಿರಾರು ಪ್ಯಾಕೇಜುಗಳಲ್ಲಿ. 32-ಬಿಟ್ ಪ್ರೋಗ್ರಾಂ ಒಂದಕ್ಕೆ ಎಟಕುವ ಮೆಮೊರಿ ಹೆಚ್ಚೆಂದರೆ 4 ಜಿಬಿ. ದೊಡ್ಡ ಬ್ರೌಸರ್ ಕಟ್ಟುವಾಗ ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಅಷ್ಟು ಸಾಲದೆ ಬಿಲ್ಡ್ ನಡುವೆಯೇ ಬಿದ್ದುಹೋಗುತ್ತದೆ. ಹಳೆಯ ಎಕ್ಸ್87 ಘಟಕ ದಶಮಾಂಶ ಲೆಕ್ಕವನ್ನು 80 ಬಿಟ್‌ನಲ್ಲಿ ಮಾಡುವುದರಿಂದ ಕೊನೆಯ ಅಂಕಿ ಬೇರೆ ಬಂದು ಪರೀಕ್ಷೆಗಳು ಫೇಲಾಗುತ್ತವೆ. ಇವನ್ನು ಒಂದೊಂದಾಗಿ ಸರಿಮಾಡಲು ಸಮಯವೂ ಹಳೆ ಯಂತ್ರವೂ ಇರುವ ಸ್ವಯಂಸೇವಕರು ಬೇಕು, ಅವರೇ ಕಡಿಮೆಯಾಗಿದ್ದಾರೆ. ಕಂಪನಿಗಳ ಪಿತೂರಿ ಏನೂ ಇಲ್ಲ.

ಗಡಿಯಾರದ ವಿಷಯವೂ ಇದೆ. 32-ಬಿಟ್ ಸಮಯ, ಅಂದರೆ 32 ಬಿಟ್‌ನಲ್ಲಿ ಇಡುವ ಸೆಕೆಂಡುಗಳ ಎಣಿಕೆ, 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿ, 1901ರ ಡಿಸೆಂಬರ್‌ಗೆ ಮಗುಚುತ್ತದೆ. ಡೆಬಿಯನ್ 13 ತನ್ನ 32-ಬಿಟ್ ಆರ್ಮ್ ವಿಭಾಗವನ್ನು 64-ಬಿಟ್ ಸಮಯಕ್ಕೆ ಬದಲಿಸಿತು. ಇಂಟೆಲ್ 32-ಬಿಟ್ಟನ್ನು ಮುಟ್ಟಲಿಲ್ಲ. ಹಳೆ ಪ್ರೋಗ್ರಾಂಗಳನ್ನು ಓಡಿಸುವುದಕ್ಕೆಂದೇ ಉಳಿಸಿಕೊಂಡದ್ದರಲ್ಲಿ ಅದನ್ನು ಬದಲಿಸಿದರೆ ಆ ಪ್ರೋಗ್ರಾಂಗಳೇ ಓಡುವುದಿಲ್ಲ.

ಪ್ರಶ್ನೆ: ನಾನು ಸಿ ಭಾಷೆಯಲ್ಲಿ ಬರೆದ ಲೆಕ್ಕದ ಪ್ರೋಗ್ರಾಂ ಕೆಲವರ ಹಳೆ ನೆಟ್‌ಬುಕ್‌ಗಳಲ್ಲಿದೆ. ನನ್ನ ಬಳಿ ಅಂಥ ಯಂತ್ರವಿಲ್ಲ. ಪರೀಕ್ಷೆ ಹೇಗೆ?
– ಗೋಣಿಕೊಪ್ಪದ ಓದುಗರು

ನಿಮ್ಮ 64-ಬಿಟ್ ಲ್ಯಾಪ್‌ಟಾಪ್‌ನಲ್ಲಿ ‘ಡೀಬೂಟ್‌ಸ್ಟ್ರಾಪ್’ ಎಂಬ ಪ್ರೋಗ್ರಾಂನಿಂದ 32-ಬಿಟ್ ಬುಕ್‌ವರ್ಮ್ ಒಂದನ್ನು ಫೋಲ್ಡರಿನಲ್ಲಿ ಇಳಿಸಿ, ಅದರೊಳಗೆ ಕಂಪೈಲ್ ಮಾಡಿ. ಬಿಲ್ಡ್‌ಗೆ ಅಷ್ಟು ಸಾಕು. ಪರೀಕ್ಷೆಗೆ ಸಾಲದು, ಏಕೆಂದರೆ ಓಡಿಸುತ್ತಿರುವುದು ನಿಮ್ಮ ಹೊಸ ಪ್ರೊಸೆಸರೇ. ಅದಕ್ಕೆ ಬೇರೆ ಯಂತ್ರವನ್ನು ಅನುಕರಿಸುವ ಕ್ಯೂಎಂಯು ಬಳಸಿ. ಸಿಪಿಯು ಆಯ್ಕೆಯಲ್ಲಿ ‘ಎನ್270’ ಎಂದು ಕೊಟ್ಟರೆ ಅದು ಆಟಮ್‌ನಂತೆ ವರ್ತಿಸುತ್ತದೆ. ಇನ್ನೂ ಹಳೆಯದಕ್ಕೆ ‘ಪೆಂಟಿಯಮ್3’ ಇದೆ. ಪ್ರೋಗ್ರಾಂ ಅನ್ನು ನೇರ ನಿಮ್ಮ ಪ್ರೊಸೆಸರಿನ ಮೇಲೆಯೇ ಓಡಿಸುವ ಕೆವಿಎಂ ಆಫ್ ಇರಲಿ. ಆನ್ ಇದ್ದರೆ ಹಳೆ ಚಿಪ್ಪಿನಲ್ಲಿಲ್ಲದ ಆಜ್ಞೆಗಳನ್ನೂ ನಿಮ್ಮ ಪ್ರೊಸೆಸರ್ ಸದ್ದಿಲ್ಲದೆ ನಡೆಸಿಬಿಡುತ್ತದೆ, ದೋಷ ನಿಮಗೆ ಕಾಣುವುದೇ ಇಲ್ಲ. ನಿಧಾನವಾಗುತ್ತದೆ, ಆಗಲಿ.

ಕೋಡ್‌ನಲ್ಲಿ ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಟ್ಟರೆ ಮೇಲೆ ಹೇಳಿದ 80-ಬಿಟ್ ತಲೆನೋವು ಇಲ್ಲ. ‘ಟೈಮ್ ಬಿಟ್ಸ್’ ಮತ್ತು ‘ಫೈಲ್ ಆಫ್‌ಸೆಟ್ ಬಿಟ್ಸ್’ ಎರಡನ್ನೂ 64 ಎಂದು ಡಿಫೈನ್ ಮಾಡಿ. ಎರಡನೆಯದಿಲ್ಲದೆ ಮೊದಲನೆಯದನ್ನು ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿ ಒಪ್ಪುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಅಪ್‌ಡೇಟ್ ಆಗುವುದಿಲ್ಲ, ‘ರಿಲೀಸ್ ಫೈಲ್ ಇನ್ನೂ ಊರ್ಜಿತವಾಗಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ.
– ಭಾಗಮಂಡಲದ ಓದುಗರು

ತಂತ್ರಾಂಶದ ದೋಷವಲ್ಲ. ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ, ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿದೆ. 3 ವೋಲ್ಟಿನ ಹೊಸ ಸೆಲ್ ಹಾಕಿ. ತೆಗೆಯುವ ಮೊದಲು ಬಯಾಸ್ ಪುಟಗಳ ಫೋಟೊ ಹಿಡಿದಿಟ್ಟುಕೊಳ್ಳಿ, ಸೀರಿಯಲ್ ಪೋರ್ಟ್ ಇರುವ ಪುಟವನ್ನು ಮರೆಯದೆ. ಕೆಲವು ಬೋರ್ಡುಗಳಲ್ಲಿ ಸೆಲ್ ತೆಗೆದರೆ ಆ ಪೋರ್ಟ್ ‘ಡಿಸೇಬಲ್ಡ್’ಗೆ ಮರಳುತ್ತದೆ. ಸಾಮಾನ್ಯವಾಗಿ ಅಲ್ಲಿ ಪೋರ್ಟಿನ ವಿಳಾಸ 3ಎಫ್8, ಐಆರ್‌ಕ್ಯೂ 4 ಎಂದಿರಬೇಕು.