ಫೋನ್ ಮಾಡದೆ ಹೋಗಿ

ಪತ್ರ: ನಮ್ಮ ತಾಯಿಗೆ 81 ವರ್ಷ. ಒಂದೂವರೆ ವರ್ಷದಿಂದ ಬೆಂಗಳೂರಿನ ಹೊರಗಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ನಾನು ಎರಡು ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ, ಮೊದಲೇ ಫೋನ್ ಮಾಡಿ ಹೋಗುತ್ತೇನೆ. ಹೋದ ತಿಂಗಳು ಬ್ಯಾಂಕಿನ ಕೆಲಸವಿತ್ತೆಂದು ಬುಧವಾರ ಹೋದೆ. ಅವತ್ತು ಯಾರೋ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಗೇಟಿಗೆ ತೋರಣ, ಮಂಚಗಳಿಗೆ ಹೊಸ ಚಾದರ, ಅಜ್ಜಿಯರಿಗೆಲ್ಲ ತಲೆ ಬಾಚಿ ಹೂವು. ಅಧಿಕಾರಿ ಇಪ್ಪತ್ತು ನಿಮಿಷ ಇದ್ದರು. ರಿಜಿಸ್ಟರಿಗೆ ಸಹಿ ಹಾಕಿ, ಕಾಫಿ ಕುಡಿದು ಹೋದರು. ಸಂಜೆಗೆ ಚಾದರಗಳು ಮತ್ತೆ ಬೀರು ಸೇರಿದವು ಎಂದು ಅಮ್ಮ ಹೇಳಿದರು. ಇಂಗ್ಲೆಂಡಿನಲ್ಲಿ ಇಂಥ ಮನೆಗಳಿಗೆ ದರ್ಜೆ ಕೊಡುತ್ತಾರಂತೆ. ನಮ್ಮಲ್ಲೂ ಹೋಟೆಲ್ಲಿಗೆ ಸ್ಟಾರ್ ಕೊಟ್ಟ ಹಾಗೆ ಕೊಡಬಾರದೇಕೆ? ಪ್ರತಿ ಕೋಣೆಗೂ ಸಿಸಿ ಟೀವಿ ಕಡ್ಡಾಯ ಮಾಡಬಾರದೇಕೆ? ನಮ್ಮಂಥವರಿಂದ ಇನ್ನೇನು ತಾನೇ ಆಗುತ್ತದೆ? ದಯವಿಟ್ಟು ನನ್ನ ಹೆಸರು ಹಾಕಬೇಡಿ.
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ, ನೋಡಿಕೊಳ್ಳಿ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೊನೆಯ ಸಾಲೇ. ಆಸ್ತಿ ಜಗಳದ ಬಗ್ಗೆ ಬರೆಯುವವರು ಹೆಸರು, ಊರು, ಸರ್ವೆ ನಂಬರು ಎಲ್ಲ ಕೊಡುತ್ತಾರೆ. ಸೊಸೆಯನ್ನು ಬೈದು ಬರೆಯುವ ಅತ್ತೆಯರು ಫೋಟೊ ಕೂಡ ಕಳಿಸುತ್ತಾರೆ. ಅಮ್ಮ ಎಲ್ಲಿದ್ದಾರೆ ಎಂದು ಬರೆಯುವವರು ಮಾತ್ರ ಹೆಸರು ಬೇಡ ಅನ್ನುತ್ತಾರೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಸ್ಟಾರು. ಬೇಡ ಅನ್ನುವುದಿಲ್ಲ. ಕಾನೂನು ಬೇಕು, ನೋಂದಣಿ ಬೇಕು, ದರ್ಜೆಯೂ ಇರಲಿ. ನಮ್ಮ ದೇಶದಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತಲೇ 2007ರ ಕಾಯ್ದೆ ಇದೆ. ಅದರ 19ನೇ ಕಲಮು ತೆಗೆದು ಓದಿ. ಜಿಲ್ಲೆಗೆ ಒಂದರಂತಾದರೂ, ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಕಟ್ಟಬಹುದು ಎಂದಿದೆ. ಅಲ್ಲಿ ಯಾವ ಮಟ್ಟದ ಸೇವೆ ಇರಬೇಕು ಅಂತಲೂ ಗೊತ್ತುಮಾಡಬಹುದು ಎಂದಿದೆ. ಎರಡೂ ಕಡೆ 'ಬಹುದು'. 'ಬೇಕು' ಅಲ್ಲ. ಮೂರಕ್ಷರದ ಜಾಗದಲ್ಲಿ ಎರಡಕ್ಷರ ಕೂತಿದ್ದರೆ ಎಷ್ಟೋ ಮುದುಕರ ಕೊನೆಗಾಲ ಬೇರೆ ಥರ ಇರುತ್ತಿತ್ತು. ಖಾಸಗಿ ಮನೆಗಳೂ ನೋಂದಣಿ ಮಾಡಿಸಲೇಬೇಕು ಎನ್ನುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು. ಸಮಿತಿಗೆ ಹೋಯಿತು. ಆ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯ ಆಯಸ್ಸೂ ಮುಗಿಯಿತು. ಆದ್ದರಿಂದ ಕಾನೂನು ಬೇಕು ಅಂತ ನೀವು ಕೂಗಿ, ನಾನೂ ದನಿ ಸೇರಿಸುತ್ತೇನೆ.

ಆದರೆ ಇಂಗ್ಲೆಂಡನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಬೇಡಿ. ಅಲ್ಲಿ ಈ ಕೆಲಸಕ್ಕೆ 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ದೊಡ್ಡ ಸಂಸ್ಥೆ ಇದೆ. ಅತ್ಯುತ್ತಮ, ಉತ್ತಮ, ಸುಧಾರಿಸಬೇಕು, ಸಾಲದು ಎಂದು ನಾಲ್ಕು ದರ್ಜೆ. 2024ರಲ್ಲಿ ಆ ಸಂಸ್ಥೆಯನ್ನೇ ತಪಾಸಣೆ ಮಾಡಿಸಿದರು. ಡಾ. ಪೆನ್ನಿ ಡ್ಯಾಶ್ ಅವರ ವರದಿ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಐದು ಜಾಗಗಳಲ್ಲಿ ಒಂದಕ್ಕೆ ದರ್ಜೆಯನ್ನೇ ಕೊಟ್ಟಿರಲಿಲ್ಲ. ಮರೆವಿನ ಕಾಯಿಲೆ ಇರುವ ಒಬ್ಬರನ್ನೂ ಜೀವನದಲ್ಲಿ ಭೇಟಿ ಮಾಡಿರದವರು ವೃದ್ಧರ ಮನೆಗಳ ತಪಾಸಣೆಗೆ ಹೋಗುತ್ತಿದ್ದರು! ಅಡುಗೆಮನೆಯನ್ನೇ ಹೊಗದವರನ್ನು ಬೀಗರ ಊಟದ ರುಚಿ ನೋಡಲು ಕಳಿಸಿದ ಹಾಗೆ.

ಅದೇ ದೇಶದಲ್ಲಿ 1950ರ ದಶಕದ ಕೊನೆಯಲ್ಲಿ ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞರಿದ್ದರು. 173 ವೃದ್ಧರ ಮನೆಗಳನ್ನು ಸುತ್ತಿದವರು. ನನಗೆ ಇಷ್ಟವಾದದ್ದು ಆ ಸಂಖ್ಯೆಯಲ್ಲ. ಅಷ್ಟು ನೋಡಿದ್ದು ಸಾಲದು ಅಂತ ಅವರು ಸ್ವಲ್ಪ ದಿನ ಸ್ನಾನ ಮಾಡಿಸುವ ಕೆಲಸಕ್ಕೂ ನಿಂತರು. ನೀರು ಬೆಚ್ಚಗಿದೆಯೋ, ಬೆನ್ನಲ್ಲಿ ಹುಣ್ಣಿದೆಯೋ, ಟವೆಲ್ ಒಬ್ಬರಿಗೊಂದೋ ಐವರಿಗೊಂದೋ ಎನ್ನುವುದು ಬಚ್ಚಲಲ್ಲಿ ಗೊತ್ತಾಗುತ್ತದೆ. ಆಫೀಸು ರೂಮಿನ ಕಾಫಿಯಲ್ಲಿ ಗೊತ್ತಾಗುವುದಿಲ್ಲ.

ಈಗ ನನ್ನ ಕಥೆ. ನನ್ನ ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಇಂಥದೊಂದು ಮನೆಗೆ ನಾನೇ ಸೇರಿಸಿದ್ದೆ. ಯಾವ ಊರು, ಯಾವ ಮನೆ ಎಂಬುದು ಬೇಡ. ಪ್ರತಿ ತಿಂಗಳ ಎರಡನೇ ಶನಿವಾರ ಬೆಳಗ್ಗೆ 11ಕ್ಕೆ ಹೋಗುತ್ತಿದ್ದೆ. ಅಷ್ಟರಲ್ಲಿ ನನಗಾಗಿ ಕುರ್ಚಿ ಒರೆಸಿಟ್ಟಿರುತ್ತಿದ್ದರು. ಚಿಕ್ಕಮ್ಮ ಸ್ನಾನ ಮುಗಿಸಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿರುತ್ತಿದ್ದರು. ನೆಲ ಫಳಫಳ. ಗೋಡೆ ಮೇಲೆ ಫ್ರೇಮು ಹಾಕಿದ ಸರ್ಟಿಫಿಕೇಟು. ತುಂಬಾ ಒಳ್ಳೆ ಜಾಗ ಅಂತ ನಾನೇ ನಾಲ್ಕು ಜನಕ್ಕೆ ಶಿಫಾರಸು ಮಾಡಿದ್ದೆ.

ಒಂದು ಶನಿವಾರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಾನು ತಲುಪಿದ್ದು ಸಂಜೆ ಏಳೂಕಾಲಿಗೆ. ಮನೆಯೆಲ್ಲ ಕತ್ತಲು. ಯಾರಾದರೂ ಸತ್ತರೇನೋ ಅಂದುಕೊಂಡೆ. ಇಲ್ಲ, ಎಲ್ಲರನ್ನೂ ಮಲಗಿಸಿದ್ದರು. ಊಟ ಐದೂವರೆಗೇ ಮುಗಿದಿತ್ತು. ಚಿಕ್ಕಮ್ಮ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ನನ್ನ ದನಿ ಕೇಳಿ, "ಬೆಳಗಾಯ್ತೇನೋ?" ಅಂದರು.

ಲೆಕ್ಕ ಹಾಕಿದೆ. ಐದೂವರೆಗೆ ಊಟ, ಮರುದಿನ ಎಂಟೂವರೆಗೆ ತಿಂಡಿ. ನಡುವೆ ಹದಿನೈದು ಗಂಟೆ. ಸಕ್ಕರೆ ಕಾಯಿಲೆಯ ಹೆಂಗಸು. ನೀರಿನ ಲೋಟ ಕೈಗೆ ಎಟುಕದ ಹಾಗೆ ಕಿಟಕಿಯ ಕಟ್ಟೆ ಮೇಲಿತ್ತು. ಆಯಾನ ಕೇಳಿದೆ. ಪಾಪ, ಸುಳ್ಳು ಹೇಳಲಿಲ್ಲ. "ಸಂಜೆ ಮೇಲೆ ನೀರು ಕೊಟ್ರೆ ರಾತ್ರಿಯೆಲ್ಲಾ ಏಳಿಸ್ಬೇಕಲ್ವಾ ಸಾರ್, ನಾನೊಬ್ಳೇ ಇರೋದು" ಅಂದಳು. ಇಪ್ಪತ್ತೆರಡು ಜನಕ್ಕೆ ಅವಳೊಬ್ಬಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಇಂಥ ಮನೆಗಳ ಬಗ್ಗೆ ಬರೆಯುವವರು ಆಯಾಗಳನ್ನು ರಾಕ್ಷಸಿಯರಂತೆ ಚಿತ್ರಿಸುತ್ತಾರೆ. ಹತ್ತು ಜನರ ಮಲಮೂತ್ರ ತೆಗೆದು ಅದೇ ರಾತ್ರಿ ಹನ್ನೊಂದನೆಯವರ ಜೊತೆ ನಗುತ್ತಾ ಮಾತಾಡಲು ನಮ್ಮಲ್ಲಿ ಎಷ್ಟು ಜನಕ್ಕೆ ಆಗುತ್ತದೆ?

ಅಲ್ಲಿಯ ರಿಜಿಸ್ಟರುಗಳೆಲ್ಲ ಸರಿಯಾಗಿದ್ದವು. ಊಟದ ಪಟ್ಟಿ, ಔಷಧಿ ಪಟ್ಟಿ, ತೂಕದ ಪಟ್ಟಿ. ಅವತ್ತು ಬೆಳಗ್ಗೆ ಯಾವ ಅಧಿಕಾರಿ ಬಂದಿದ್ದರೂ ನಿಮ್ಮ ಲೆಕ್ಕದ ಐದು ಸ್ಟಾರ್ ಕೊಟ್ಟೇ ಹೋಗುತ್ತಿದ್ದರು. ಆಮೇಲೆ ನಾನು ಹೊತ್ತಲ್ಲದ ಹೊತ್ತಿಗೆ ಹೋಗತೊಡಗಿದೆ. ಒಮ್ಮೆ ಬೆಳಗ್ಗೆ ಆರಕ್ಕೆ, ಒಮ್ಮೆ ಮಧ್ಯಾಹ್ನ ಮೂರಕ್ಕೆ. ನಾಲ್ಕನೇ ಸಲ ಹೋಗುವಷ್ಟರಲ್ಲಿ ರಾತ್ರಿ ಊಟ ಏಳು ಗಂಟೆಗೆ ಸರಿದಿತ್ತು. ನಾನು ಒಂದು ಅರ್ಜಿಯನ್ನೂ ಬರೆದಿರಲಿಲ್ಲ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಅನ್ನುತ್ತಾರೆ. ಆದರೆ ಆ ಅಗುಳನ್ನು ನಾವು ಹಿಸುಕಬೇಕು, ಅವರು ಹಿಸುಕಿ ತೋರಿಸಿದರೆ ಆಗಲಿಲ್ಲ. ಮೊದಲು ನಿಮ್ಮ ಮೂಗನ್ನು ನಂಬಿ. ಉಚ್ಚೆಯ ವಾಸನೆಗಿಂತ ಅದನ್ನು ಮುಚ್ಚಲು ಸುರಿದ ಫಿನಾಯಿಲ್ ವಾಸನೆ ಜಾಸ್ತಿ ಕಥೆ ಹೇಳುತ್ತದೆ. ಕಾಲಿನ ಉಗುರು ನೋಡಿ. ಕೈ ಉಗುರು ಎಲ್ಲರೂ ಕತ್ತರಿಸುತ್ತಾರೆ, ಕಾಲಿಗೆ ಬಗ್ಗಬೇಕು. ಕನ್ನಡಕ ಅವರದೇನಾ ಅಂತ ಹಾಕಿಸಿ ನೋಡಿ. ಹಲ್ಲಿನ ಸೆಟ್ಟುಗಳೆಲ್ಲ ಒಂದೇ ಡಬ್ಬಿಯಲ್ಲಿ ಬಿದ್ದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ತಾಯಿ ಉಟ್ಟ ಸೀರೆ ಅವರದೋ ಪಕ್ಕದ ಮಂಚದವರದೋ? ಕರೆಗಂಟೆಯ ಸ್ವಿಚ್ಚು ಕೈಗೆ ಸಿಗುತ್ತದೆಯೇ? ಸಿಕ್ಕರೆ ಒತ್ತಿ, ಗಡಿಯಾರ ನೋಡಿಕೊಂಡು ಕೂತಿರಿ. ಮಲಗಿದಲ್ಲೇ ಇರುವವರನ್ನು ರಾತ್ರಿ ಯಾರು ಮಗ್ಗಲು ಬದಲಿಸುತ್ತಾರೆ, ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಿ. ಹಗಲಲ್ಲೂ ಎಲ್ಲರೂ ತೂಕಡಿಸುತ್ತಿದ್ದರೆ ಏನು ಮಾತ್ರೆ ಕೊಡುತ್ತಿದ್ದಾರೆ, ಯಾವ ಡಾಕ್ಟರು ಬರೆದದ್ದು ಅಂತಲೂ ಕೇಳಿ. ಸಾರನ್ನು ಒಂದು ಲೋಟ ಕುಡಿದು ನೋಡಿ.

ಇನ್ನೊಂದು ವಿಷಯ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಒಂದು ವೃದ್ಧರ ಮನೆಯಲ್ಲಿ ಒಂದು ಪ್ರಯೋಗ ಮಾಡಿ 1976ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ, ನಿಮ್ಮ ದಿನ ನಿಮ್ಮದು, ಬೇಕಾದ ಗಿಡ ಆರಿಸಿಕೊಳ್ಳಿ, ನೀವೇ ನೀರು ಹಾಕಿ ಅಂದರು. ಇನ್ನೊಂದು ಮಹಡಿಯವರಿಗೆ, ನಿಮ್ಮನ್ನು ನೋಡಿಕೊಳ್ಳಲು ನಾವಿದ್ದೇವೆ, ಗಿಡಕ್ಕೆ ನರ್ಸ್ ನೀರು ಹಾಕುತ್ತಾರೆ ಅಂದರು. ಮೂರೇ ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಖುಷಿಯಾಗಿದ್ದರು. ನಿಮ್ಮ ತಾಯಿ ಇರುವಲ್ಲಿ ತುಳಸಿಕಟ್ಟೆ ಇದ್ದರೆ ಅದಕ್ಕೆ ನೀರು ಯಾರು ಹಾಕುತ್ತಾರೆ ವಿಚಾರಿಸಿ.

ಕ್ಯಾಮೆರಾ ವಿಷಯ. ವರಾಂಡದಲ್ಲಿರಲಿ, ಅಡುಗೆಮನೆಯಲ್ಲಿರಲಿ. ಕೋಣೆಯಲ್ಲಿ ಬೇಕೇ ಎಂದು ಅಮ್ಮನನ್ನು ಕೇಳಿದಿರಾ? ಅವರು ಸೀರೆ ಬದಲಿಸುವುದನ್ನೂ ಅದು ನೋಡುತ್ತದೆ. 2011ರಲ್ಲಿ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯ ಕ್ರೌರ್ಯವನ್ನು ಬಿಬಿಸಿ ಹೊರಗೆಳೆದದ್ದು ಕ್ಯಾಮೆರಾದಿಂದಲೇ, ನಿಜ. ಅದು ಮುದುಕರದಲ್ಲ, ಬುದ್ಧಿ ಬೆಳವಣಿಗೆಯ ತೊಂದರೆ ಇದ್ದವರ ಜಾಗ. ಆದರೆ ಆ ಕ್ಯಾಮೆರಾ ಗೋಡೆ ಮೇಲೆ ಇರಲಿಲ್ಲ. ಅಲ್ಲಿ ಕೆಲಸಕ್ಕೆ ಸೇರಿದ ಪತ್ರಕರ್ತರೊಬ್ಬರ ಮೈಮೇಲಿತ್ತು. ಅದಕ್ಕೆ ಮೊದಲೇ ಅಲ್ಲಿಯ ಹಿರಿಯ ನರ್ಸ್ ಒಬ್ಬರು ದರ್ಜೆ ಕೊಡುವ ಅದೇ ಕಮಿಷನ್ನಿಗೆ ದೂರು ಕೊಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ತಪಾಸಣೆ ಅನ್ನುವ ಪದ ಕೇಳಿದರೆ ನನಗೆ ನೆನಪಾಗುವುದು ನಮ್ಮೂರ ಶಾಲೆಯ ಗ್ಲೋಬು. ನಮ್ಮ ಹೋಬಳಿಯ ನಾಲ್ಕು ಶಾಲೆಗೆ ಇದ್ದದ್ದು ಒಂದೇ ಗ್ಲೋಬು. ಇನ್‌ಸ್ಪೆಕ್ಟರು ಬರುವ ಹಿಂದಿನ ಸಂಜೆ ಅದು ಜವಾನನ ಸೈಕಲ್ ಹತ್ತಿ ಬರುತ್ತಿತ್ತು, ಅವರು ಊಟಕ್ಕೆ ಕೂತಾಗ ಮುಂದಿನ ಶಾಲೆಗೆ ಹೊರಡುತ್ತಿತ್ತು. ಆಫ್ರಿಕಾದ ಮೇಲೆ ದೊಡ್ಡ ಮಸಿ ಕಲೆ ಇತ್ತು. ನಾಲ್ಕು ಶಾಲೆಯಲ್ಲೂ ಆ ಕಲೆ ನೋಡಿದ ಇನ್‌ಸ್ಪೆಕ್ಟರು ಒಂದು ಮಾತೂ ಆಡಲಿಲ್ಲ. ಹಾಸ್ಟೆಲ್ಲು, ಅಂಗನವಾಡಿ, ಆಸ್ಪತ್ರೆ, ಜೈಲು, ಎಲ್ಲ ಕಡೆ ಆ ಗ್ಲೋಬು ಇವತ್ತಿಗೂ ತಿರುಗುತ್ತಿದೆ. ನಿಮ್ಮ ತಾಯಿಯ ಮಂಚದ ಹೊಸ ಚಾದರವೂ ಅದೇ.

ಆದರೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ಚಾದರ ನಿಮ್ಮ ಕಣ್ಣಿಗೆ ಬಿದ್ದದ್ದು ನೀವು ವಾರ ತಪ್ಪಿಸಿ ಬುಧವಾರ ಹೋದದ್ದರಿಂದ. ಉಳಿದ ಸಲವೆಲ್ಲ ಫೋನ್ ಮಾಡಿಯೇ ಹೋಗುತ್ತೀರಿ, ಭಾನುವಾರವೇ, ಬೆಳಗ್ಗೆಯೇ. ಹಾಗಾದರೆ ನಿಮಗೂ ಆ ಅಧಿಕಾರಿಗೂ ಏನು ವ್ಯತ್ಯಾಸ? ಅವರು ಸಹಿ ಹಾಕುತ್ತಾರೆ, ನೀವು ಚೆಕ್ಕಿಗೆ ಸಹಿ ಹಾಕುತ್ತೀರಿ. ಕಾಫಿ ಇಬ್ಬರಿಗೂ ಕೊಟ್ಟಿರುತ್ತಾರೆ.

ಯಾಕೆ ಹೀಗೆ ಅಂತ ನನಗೆ ಗೊತ್ತು, ನಾನೂ ಹಾಗೇ ಇದ್ದೆ. ಅಮ್ಮನನ್ನು ಅಲ್ಲಿ ಬಿಟ್ಟಿದ್ದೇವೆ ಅನ್ನುವ ನಾಚಿಕೆ. ಟೀವಿ ಸೀರಿಯಲ್ಲಿನಲ್ಲಿ ಕೆಟ್ಟ ಸೊಸೆಯನ್ನು ತೋರಿಸಬೇಕಾದರೆ ಅತ್ತೆಯನ್ನು ವೃದ್ಧಾಶ್ರಮಕ್ಕೆ ಅಟ್ಟುತ್ತಾರೆ. ಅಮ್ಮಂದಿರ ದಿನ ಬಂದರೆ ವಾಟ್ಸಾಪಿನಲ್ಲಿ ಕಣ್ಣೀರಿನ ಕಥೆ. ಮೂಳೆ ಮುರಿದ, ಮರೆವು ಬಂದ, ರಾತ್ರಿ ಮೂರು ಸಲ ಎತ್ತಿ ಕೂರಿಸಬೇಕಾದ 81ರ ತಾಯಿಯನ್ನು ಎರಡು ಕೋಣೆಯ ಮನೆಯಲ್ಲಿ, ಇಬ್ಬರೂ ಕೆಲಸಕ್ಕೆ ಹೋಗುವವರು ಹೇಗೆ ನೋಡಿಕೊಳ್ಳಬೇಕು ಅಂತ ಆ ಕಥೆ ಬರೆಯುವವರು ಹೇಳುವುದಿಲ್ಲ. ನಾಚಿಕೆಯಿಂದ ನಾವು ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರುತ್ತೇವೆ. ತಲೆ ತಗ್ಗಿಸಿದವನಿಗೆ ಕಿಟಕಿ ಕಟ್ಟೆಯ ಮೇಲಿನ ಲೋಟ ಕಾಣುವುದಿಲ್ಲ. ಕಂಡರೂ, ಕೇಳಿದರೆ "ಹಾಗಾದ್ರೆ ಮನೆಗೇ ಕರ್ಕೊಂಡು ಹೋಗಿ" ಅಂದುಬಿಟ್ಟರೆ ಅನ್ನುವ ಹೆದರಿಕೆ. ಕೆಟ್ಟ ಮನೆಗಳು ಬದುಕುತ್ತಿರುವುದೇ ಈ ನಾಚಿಕೆಯ ಮೇಲೆ. ನರ್ಸರಿ ಶಾಲೆಯಲ್ಲಿ ಮಗುವಿನ ಡಬ್ಬಿ ಅದಲುಬದಲಾದರೆ ಗ್ರೂಪಿನಲ್ಲಿ ಕೂಗಾಡುತ್ತೇವೆ. ಅಮ್ಮನ ಹಲ್ಲಿನ ಸೆಟ್ಟು ಅದಲುಬದಲಾದರೆ ಸುಮ್ನೆ ಇರುತ್ತೇವೆ.

ಹುಟ್ಟುಹಬ್ಬಕ್ಕೆ ಕೇಕು, ಹಣ್ಣು, ಫೋಟೊಗ್ರಾಫರು ಸಮೇತ ವೃದ್ಧಾಶ್ರಮಕ್ಕೆ ಹೋಗುವ ಪುಣ್ಯಾತ್ಮರ ಬಗ್ಗೆ ಬರೆಯಬೇಕೆಂದಿದ್ದೆ. ಜಾಗ ಮುಗಿಯಿತು. ಅವರಿಗೊಂದು ವಿನಂತಿ: ಕೇಕು ಬೇಡ, ಸಕ್ಕರೆ ಕಾಯಿಲೆಯವರು ಬಹಳ ಇರುತ್ತಾರೆ. ನೇಲ್ ಕಟರ್ ತೆಗೆದುಕೊಂಡು ಹೋಗಿ.

ಹಿರಿಯರ ಸಹಾಯವಾಣಿ 14567 ಇದೆ, ಬರೆದಿಟ್ಟುಕೊಳ್ಳಿ. ನಿಮ್ಮ ತಾಯಿಯ ಪಕ್ಕದ ಮಂಚದವರಿಗೆ ಯಾರೂ ಬರುವವರಿಲ್ಲದಿದ್ದರೆ ಅವರ ಕಾಲಿನ ಉಗುರನ್ನೂ ನೋಡಿ. ಮುಂದಿನ ಸಲ ಹೋದಾಗ ಗಂಟೆ ಎಷ್ಟಾಗಿತ್ತು, ದೀಪ ಉರಿಯುತ್ತಿತ್ತೇ ಅಂತ ಬರೆಯಿರಿ. ಹೆಸರು ಹಾಕುವುದಿಲ್ಲ.